ಅತ್ತೆ ಅರ್ಧ ನೋಡಿ ಕೊಂಡ ಜೀಪು

ಜೀಪು ನಮ್ಮ ಮನೆಗೆ ಬಂದದ್ದು ಹಿಂಗಾಲು ಎತ್ತಿಕೊಂಡು. ಎಳೆಯುವ ಗಾಡಿಯವನು ಅದರ ಹಿಂಭಾಗಕ್ಕೆ ಕೊಕ್ಕೆ ಹಾಕಿ ಮೇಲೆತ್ತಿದ್ದ. ಮುಂದಿನ ಎರಡು ಚಕ್ರ ಮಾತ್ರ ನೆಲಕ್ಕೆ ತಾಗಿ, ಶಾಲೆಗೆ ಎಳೆದೊಯ್ಯುವ ಮಗುವಿನ ಹಾಗೆ ಅತ್ತಿತ್ತ ವಾಲಾಡುತ್ತ ಬರುತ್ತಿತ್ತು. ಎಳೆಯುವ ಗಾಡಿಯೊಳಗೆ ಡ್ರೈವರ್ ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆ ಮಾತ್ರ ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ ಅದನ್ನೇ ನೋಡುತ್ತಿದ್ದರು. ಮುಖದಲ್ಲಿ ಬಾಣಂತಿಯ ಕಳೆ.

ಆ ದಿನ ನನ್ನ ದಿನಚರಿಯಲ್ಲಿ ಎರಡೇ ಸಾಲು ಇವೆ: ಪುಟ್ಟಿಗೆ ಮೂರನೇ ಹಲ್ಲು ಕಾಣಿಸಿತು. ಮನೆ ಮುಂದೆ ಜೀಪು ಕಾಣಿಸಿತು.

ಹಲ್ಲಿನ ವಿಷಯ ಮೊದಲೇ ಗೊತ್ತಿತ್ತು, ಮೂರು ದಿನದಿಂದ ಜೊಲ್ಲು ಸುರಿಯುತ್ತಿತ್ತು. ಜೀಪಿನ ವಿಷಯ ಗೊತ್ತಿರಲಿಲ್ಲ. ಅದು ನನ್ನದೇ ಜೀಪು ಅನ್ನುವುದಂತೂ ಸುತರಾಂ ಗೊತ್ತಿರಲಿಲ್ಲ. ಕಾಗದದಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ನನ್ನ ಹೆಸರು, ಕೆಳಗೆ ನನ್ನ ಸಹಿ. ನಿವೃತ್ತರಾದವರು ಸ್ವಂತ ಇಲಾಖೆಯ ಹರಾಜಿನಲ್ಲಿ ಕೂಗುವಂತಿರಲಿಲ್ಲವಂತೆ. ಅದಕ್ಕೇ ಹದಿನೈದು ದಿನದ ಹಿಂದೆ, ನಾನು ಒಂದು ಕೈಯಲ್ಲಿ ಮಗುವಿನ ಬಾಯಿಗೆ ಚಮಚ ಹಿಡಿದು, ಇನ್ನೊಂದು ಕೈಯಲ್ಲಿ ಅದರ ಎರಡೂ ಕೈ ಹಿಡಿದು ಕುಸ್ತಿ ಮಾಡುತ್ತಿದ್ದಾಗ, ಅತ್ತೆ ಒಂದು ಕಾಗದ ತಂದು "ಇಲ್ಲೊಂದು ಸಹಿ ಹಾಕಮ್ಮ" ಅಂದಿದ್ದರು. ಲಸಿಕೆಯ ಕಾಗದ ಇರಬೇಕು ಅಂದುಕೊಂಡೆ. ಅವರು ಕೊಡುವ ಕಾಗದವೆಲ್ಲ ಲಸಿಕೆಯದೇ ಆಗಿರುತ್ತಿತ್ತು.

ಯಾಕೆಂದರೆ ನಮ್ಮ ಅತ್ತೆ ಮೂವತ್ತೊಂದು ವರ್ಷ ಲಸಿಕೆ ಹಾಕುವ ಸಿಸ್ಟರ್ ಆಗಿದ್ದವರು. ಊರಿನಲ್ಲಿ ಮೂವತ್ತರ ಒಳಗಿನ ಯಾರೇ ಎದುರಿಗೆ ಬರಲಿ, ಅವರ ಕಣ್ಣು ಮೊದಲು ಹೋಗುವುದು ತೊಡೆಗೆ. ಬ್ಯಾಂಕಿನ ಮ್ಯಾನೇಜರನ್ನು ಒಮ್ಮೆ ಹತ್ತು ಜನರ ಎದುರಿಗೆ "ನೀನು ಸೂಜಿ ನೋಡಿದರೆ ಉಸಿರು ಕಟ್ಟಿ ನೀಲಿ ಆಗ್ತಿದ್ದೆಯಲ್ಲ, ಈಗ ಹೇಗಿದ್ದೀಯಪ್ಪ" ಎಂದು ವಿಚಾರಿಸಿಕೊಂಡರು. ಆತ ಈಗಲೂ ನೀಲಿಯಾದ.

ಆ ಮೂವತ್ತೊಂದು ವರ್ಷವೂ ಅವರು ಓಡಾಡಿದ್ದು ಇಲಾಖೆಯ ಜೀಪಿನಲ್ಲಿ, ಅದರ ಹಿಂದಿನ ಅಡ್ಡ ಬೆಂಚಿನಲ್ಲಿ. ಮುಂದಿನ ಸೀಟು ಸಾಹೇಬರದು. ಸಾಹೇಬರು ಬಾರದ ದಿನ ಅದು ಖಾಲಿ ಹೋಗುತ್ತಿತ್ತೇ ಹೊರತು ಸಿಸ್ಟರ್ ಅಲ್ಲಿ ಕೂರುತ್ತಿರಲಿಲ್ಲ. ಲಸಿಕೆಯ ತಣ್ಣನೆ ಡಬ್ಬಿ ಯಾರ ತೊಡೆಯ ಮೇಲಿದೆಯೋ ಅವರು ಹಿಂದೆ, ಅದು ಕಟ್ಟಳೆ. ಹಿಂದೆ ಕುಲುಕು ಹೆಚ್ಚಲ್ಲವೇ ಎಂದು ಒಮ್ಮೆ ಕೇಳಿದ್ದೆ. ಹೆಚ್ಚು ಅಂದರು. ಮತ್ತೆ ಡಬ್ಬಿ ಯಾಕೆ ಅಲ್ಲಿ ಅಂದೆ. ಮೊದಲಿನಿಂದ ಅಲ್ಲೇ ಅಂದರು. ಸರಕಾರಿ ಕೆಲಸದ ಬಗ್ಗೆ ಇದಕ್ಕಿಂತ ಆಳವಾದ ವಿವರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಹೀಗೆ ಅಡ್ಡಡ್ಡ ಕೂತು, ಹಿಂದಿನ ತೆರೆದ ಬಾಗಿಲಿನ ಕಡೆ ಮುಖ ಮಾಡಿ ಲೋಕ ನೋಡಿದ್ದರಿಂದ, ಅತ್ತೆಗೆ ಈ ಸೀಮೆಯ ಎಲ್ಲ ದಾರಿಯೂ ಗೊತ್ತು, ಆದರೆ ದಾಟಿ ಹೋದ ಮೇಲೆ. ನಾನು ಮದುವೆಯಾದ ಹೊಸದರಲ್ಲಿ ಬಾಡಿಗೆ ಕಾರು ಓಡಿಸಿಕೊಂಡು ಅವರನ್ನು ಎಲ್ಲಿಗೋ ಕರೆದೊಯ್ದಿದ್ದೆ. ಪ್ರತಿ ತಿರುವಿನಲ್ಲೂ, ತಿರುವು ಕಳೆದು ನೂರು ಗಜ ಆದ ಮೇಲೆ, ಹಿಂದಿನಿಂದ ಒಂದು ನಿಟ್ಟುಸಿರು: "ಅಲ್ಲಿ ಎಡಕ್ಕೆ ತಿರುಗಬೇಕಿತ್ತು." ಅವತ್ತೇ ನನ್ನ ಲೈಸೆನ್ಸು ಅವರ ಕಣ್ಣಿಗೆ ಬಿದ್ದಿರಬೇಕು. ಅವರಿಗೆ ಓಡಿಸಲು ಬರುವುದಿಲ್ಲ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು, ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಸ್ವಭಾವ. ಅಂದರೆ ಅತ್ತೆ ಜೀಪು ಕೊಂಡು ಡ್ರೈವರನ್ನು ಹುಡುಕಿದ್ದಲ್ಲ, ಡ್ರೈವರ್ ಮನೆಯಲ್ಲಿದ್ದಾಳೆ ಅಂತ ಜೀಪು ಕೊಂಡದ್ದು.

ಕೊಂಡ ರೀತಿಯನ್ನೂ ಬರೆಯಬೇಕು. ಹರಾಜಿನ ಅಂಗಳದಲ್ಲಿ ಬೇರೆಯವರು ಬಾನೆಟ್ ಎತ್ತಿ, ನೆಲಕ್ಕೆ ಮಲಗಿ, ಎಣ್ಣೆ ಮುಟ್ಟಿ ಮೂಸಿ ನೋಡುತ್ತಿದ್ದರಂತೆ. ಅತ್ತೆ ನೇರವಾಗಿ ಹಿಂದಿನಿಂದ ಹತ್ತಿ, ತಮ್ಮ ಜಾಗದಲ್ಲಿ ಕೂತು, ಕೈಚೀಲವನ್ನು ಡಬ್ಬಿಯ ಹಾಗೆ ತೊಡೆ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಕಾವಲುಗಾರನಿಗೆ ಅಂಗಳದಲ್ಲಿ ಮೂರು ಸುತ್ತು ಹಾಕಿಸಲು ಹೇಳಿದರು. ಸ್ಪ್ರಿಂಗ್ ಪಟ್ಟಿ ಕಿರುಗುಟ್ಟಲಿಲ್ಲ. ಬೆಂಚು ಅಲ್ಲಾಡಲಿಲ್ಲ. ಹಿಂಬಾಗಿಲ ಚಿಲಕ ಗಟ್ಟಿ. ಇಳಿದು ಬಂದು ನನ್ನ ಹೆಸರಿನಲ್ಲಿ ಕೂಗಿದರು. ಜೀಪು ಗೇಟು ದಾಟಿ ಎಂಟು ಮಾರು ಹೋಗಿ ಉಸಿರು ಬಿಟ್ಟಿತು.

ನಮ್ಮ ಬೀದಿಯ ತುದಿಯ ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ ಆಯ್ತುಬಿಡಿ ಎಂದೇ ಕರೆಯುವುದು. ಗಾಡಿ ಯಾವಾಗ ಕೊಡ್ತೀರಿ ಅಂದರೆ "ಆಯ್ತು ಬಿಡಿ" ಅನ್ನುತ್ತಾರೆ. ಆಗಿರುವುದಿಲ್ಲ, ಬಿಡುವುದೂ ಇಲ್ಲ. ಅವರು ಬಂದು ಅರ್ಧ ದಿನ ಜೀಪಿನ ಕೆಳಗೆ ಮಲಗಿದ್ದು, ಕೈ ಒರೆಸಿಕೊಳ್ಳುತ್ತ ಎದ್ದರು.

"ಹಿಂದಿನ ಭಾಗ ಚಿನ್ನ ಸಿಸ್ಟರ್. ಒಂದು ಮೊಳೆಗೂ ತಕರಾರಿಲ್ಲ."

"ನನಗೆ ಗೊತ್ತಿತ್ತು" ಅಂದರು ಅತ್ತೆ.

"ಮುಂದೆ ಏನೂ ಇಲ್ಲ."

"ಏನೂ ತೊಂದರೆ ಇಲ್ಲ ಅಂತಾನಾ?"

"ಏನೂ ಇಲ್ಲ."

ರೇಡಿಯೇಟರ್ ತೂತು, ಕ್ಲಚ್ ಸವೆದಿದೆ, ಸ್ಟೇರಿಂಗ್ ಅರ್ಧ ಸುತ್ತು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ, ಸೈಲೆನ್ಸರ್ ಜಾಲರಿಯಾಗಿದೆ. ಹಳ್ಳ ದಿಬ್ಬ ಹತ್ತಲು ನಾಲ್ಕೂ ಚಕ್ರಕ್ಕೆ ಬಲ ಹಾಯಿಸುವ ಚಿಕ್ಕ ಗೇರಿನ ಕಡ್ಡಿಯಂತೂ ಎಳೆದರೆ ಬುಡಸಮೇತ ಕೈಗೇ ಬಂತು. ಮೇಸ್ತ್ರಿ ಅದನ್ನು ಅತ್ತೆಯ ಕೈಗೆ ಕೊಟ್ಟರು. ಅವರು ಅದನ್ನು ಒರೆಸಿ ಕಪಾಟಿನಲ್ಲಿಟ್ಟರು.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದೆಲ್ಲ ನಾನು ಬಹಳ ಒಳ್ಳೆಯವಳು ಅನ್ನುವ ಹಾಗೆ ಓದಿಸಿಕೊಳ್ಳುತ್ತದೆ. ನಾನು ಸಮವಸ್ತ್ರ ಹೊಲಿಯುವ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಡುವವಳು. ಅರವತ್ತು ಪದರ ಬಟ್ಟೆಯ ಮೇಲೆ ಗೆರೆ ಹಾಕಿ ಒಂದೇ ಸಲ ಕತ್ತರಿಸುವುದು. ಗೆರೆ ಒಂದು ನೂಲು ತಪ್ಪಿದರೆ ಅರವತ್ತು ಮಕ್ಕಳ ತೋಳು ಗಿಡ್ಡ. ಆ ಕೆಲಸ ನನಗೆ ಇಷ್ಟ. ಪುಟ್ಟಿಗೆ ಒಂದು ವರ್ಷ ತುಂಬುವ ಹೊತ್ತಿಗೆ ನನ್ನ ರಜೆ ಮುಗಿಯುತ್ತಿತ್ತು, ಇನ್ನು ಐದು ವಾರ. ಅತ್ತೆ ನಿವೃತ್ತರಾಗಿ ನಾಲ್ಕು ತಿಂಗಳು. ಅವರು ಮನೆಯಲ್ಲಿದ್ದು ಮಗು ನೋಡಿಕೊಳ್ಳುತ್ತಾರೆ, ನಾನು ಕೆಲಸಕ್ಕೆ ಹೋಗುತ್ತೇನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಊರ ಮಕ್ಕಳನ್ನೆಲ್ಲ ನೋಡಿಕೊಂಡವರು ಮೊಮ್ಮಗಳನ್ನು ನೋಡಿಕೊಳ್ಳುವುದಿಲ್ಲವೇ, ಕೇಳುವುದೇನು ಅಂದುಕೊಂಡಿದ್ದೆವು. ಈಗ ಅವರು ಜೀಪು ತಂದು ನಿಲ್ಲಿಸಿದ್ದರು. ಜೀಪು ಇದ್ದರೆ ಅತ್ತೆ ಮನೆಯಲ್ಲಿರುವುದಿಲ್ಲ, ಮೇಲಾಗಿ ಅದನ್ನು ಓಡಿಸಬೇಕಾದವಳು ನಾನು. ಕೆಲಸಕ್ಕೆ ಹೋಗುವವರು ಯಾರು? ಜೀಪು ಹೋಗಬೇಕಿತ್ತು.

ಹೋಗುವ ದಾರಿಯೂ ತಾನಾಗಿ ಬಂತು. ಊರಾಚೆ ದೊಡ್ಡ ಹೋಟೆಲ್ ನಡೆಸುವವರೊಬ್ಬರು ಗ್ಯಾರೇಜಿಗೆ ಬಂದಾಗ ಜೀಪು ನೋಡಿ ಮನಸ್ಸು ಕೊಟ್ಟರು. ಓಡಿಸಲಿಕ್ಕಲ್ಲ. ತೋಟದ ನಡುವೆ ನಿಲ್ಲಿಸಿ, ಬಾನೆಟ್ ತೆರೆದು, ಎಂಜಿನ್ ಇದ್ದ ಜಾಗದಲ್ಲಿ ಹೂವಿನ ಗಿಡ ನೆಟ್ಟರೆ ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು. ಇಂಥ ತಾಜಾ ಹಾಳಾದ ಜೀಪು ಎಲ್ಲೂ ಸಿಕ್ಕಿರಲಿಲ್ಲವಂತೆ. ನಾನು ಮನಸ್ಸಿನಲ್ಲೇ ಗಿಡಕ್ಕೆ ನೀರು ಹಾಕಿಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದರೆ ಹೂಂ ಅಂದರು. ಆಮೇಲೆ ಅತ್ತೆ ಬಂದು ಜೀಪು ಮಾರುವ ಮಾತೇ ಬೇಡ ಅಂದದ್ದಕ್ಕೂ ಹೂಂ ಅಂದರು. ನನ್ನ ಗಂಡನ ಹೂಂ ಅವರ ಗಾಜಿನ ಹಾಗೆ, ಯಾರು ಹಾಕಿಕೊಂಡರೂ ಅವರಿಗೆ ಸರಿಯಾಗಿ ಕಾಣುತ್ತದೆ.

ಜೀಪು ಯಾಕೆ ಬೇಕು ಅನ್ನುವುದನ್ನು ಮಾತ್ರ ಅತ್ತೆ ಬಾಯಿ ಬಿಡಲೊಲ್ಲರು. ಅದನ್ನು ಹೇಳಿದ್ದು ಅವರ ಜಾಗಕ್ಕೆ ಬಂದಿದ್ದ ಹೊಸ ಸಿಸ್ಟರ್. ಹಳೆಯ ರಿಜಿಸ್ಟರಿನ ಅಕ್ಷರ ತಿಳಿಯದೆ ಕೇಳಲು ಬಂದಿದ್ದ ಹುಡುಗಿ, ಚಹಾ ಕುಡಿಯುತ್ತ ಕಲ್ಲುಗುಡ್ಡದ ಮೇಲಿನ ಮನೆಗಳ ಮಾತೆತ್ತಿದಳು. ಅಲ್ಲಿ ಒಂಬತ್ತು ಕೂಸುಗಳಿವೆ. ಅವಳ ಸ್ಕೂಟರ್ ಹಳ್ಳದವರೆಗೂ ಹೋಗುವುದಿಲ್ಲ. ಕೆಳಗೆ ಕರೆದುಕೊಂಡು ಬನ್ನಿ ಎಂದು ಫೋನ್ ಮಾಡಿದರೆ ತಾಯಂದಿರು ಆಯಿತು ಅನ್ನುತ್ತಾರೆ, ಬರುವುದಿಲ್ಲ. ಜೀಪು ಕೊಡಿ ಅಂದರೆ ಮೇಲಿನವರು, ನಿಮ್ಮ ಊರು ನೂರಕ್ಕೆ ನೂರು ಮುಗಿದಿದೆಯಲ್ಲ, ಅದಕ್ಕೇ ಜೀಪು ಹರಾಜು ಹಾಕಿದ್ದು ಅನ್ನುತ್ತಾರೆ. ನೂರಕ್ಕೆ ನೂರು ಹೇಗೆ ಮುಗಿಯಿತು ಎಂದು ಕೇಳಿದೆ. ಕೆಳಗೆ ಬಂದವರನ್ನು ಎಣಿಸಿ, ಬಂದವರಲ್ಲಿ ಎಲ್ಲರಿಗೂ ಹಾಕಿದ್ದೇವೆ ಅಂದಳು.

ಅತ್ತೆ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಒಂದು ಸಲ ಹೋಗಿ ಬರೋಣ, ಆಮೇಲೆ ಹೋಟೆಲಿನವರಿಗೆ ಕೊಟ್ಟುಬಿಡೋಣ ಎಂದು ನಾನೇ ಹೇಳಿದೆ. ಉದಾರತೆಯೇನಲ್ಲ, ಆಸೆ ತೀರಿದರೆ ಮಾತು ಮುಗಿಯುತ್ತದೆ ಅನ್ನುವ ಲೆಕ್ಕಾಚಾರ. ಆಯ್ತುಬಿಡಿ ಮೇಸ್ತ್ರಿ ರೇಡಿಯೇಟರಿಗೆ ಬೆಸುಗೆ ಹಾಕಿ, ಕ್ಲಚ್ ಬದಲಿಸಿ, ಬ್ರೇಕು ಎರಡು ಸಲ ನೋಡಿ, "ಹೋಗಿ ಬರಬಹುದು. ಬೇರೆ ಏನೂ ಮಾಡಬಾರದು" ಅಂದರು. ಲಸಿಕೆಯ ದಿನ ತಿಂಗಳ ನಾಲ್ಕನೇ ಬುಧವಾರ. ಕನ್ನಡಕದ ಅಂಗಡಿಗೆ ವಾರದ ರಜೆಯೂ ಬುಧವಾರವೇ, ಹಾಗಾಗಿ ಪುಟ್ಟಿ ಅಪ್ಪನ ಬಳಿ ಉಳಿದಳು.

ಹೊರಡುವಾಗ ಒಂದು ಸಣ್ಣ ಗೊಂದಲ. ಅತ್ತೆ ಅಭ್ಯಾಸದಂತೆ ಹಿಂದಿನಿಂದ ಹತ್ತಿ ತಮ್ಮ ಜಾಗದಲ್ಲಿ ಕೂತರು. ಹೊಸ ಸಿಸ್ಟರ್ ಡಬ್ಬಿ ಹಿಡಿದು ಕೆಳಗೆ ನಿಂತಳು. ಇಬ್ಬರಿಗೂ ಆ ಬೆಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಅತ್ತೆ ಡಬ್ಬಿಯನ್ನು ನೋಡಿದರು, ತಮ್ಮ ಖಾಲಿ ತೊಡೆಯನ್ನು ನೋಡಿಕೊಂಡರು, ಮೆಲ್ಲಗೆ ಇಳಿದರು. "ಡಬ್ಬಿ ಇರೋರು ಹಿಂದೆ" ಅಂದು ಅವಳ ಕೈ ಹಿಡಿದು ಹತ್ತಿಸಿ, ಡಬ್ಬಿ ಹೇಗೆ ಹಿಡಿಯಬೇಕು, ಗುಂಡಿ ಬಂದಾಗ ಮೊಣಕಾಲು ಹೇಗೆ ಎತ್ತಬೇಕು ಎಂದು ತೋರಿಸಿದರು. ಆಮೇಲೆ ಸುತ್ತಿ ಬಂದು ಸಾಹೇಬರ ಸೀಟಿನಲ್ಲಿ, ಬೇರೆಯವರ ಮನೆಯ ಸೋಫಾದಲ್ಲಿ ಕೂತ ಹಾಗೆ ತುದಿಯಲ್ಲಿ ಕೂತರು. ಆ ಹೊತ್ತಿನಲ್ಲಿ ಅವರ ಕಡೆ ನೋಡಬಾರದು ಅನ್ನಿಸಿ ನಾನು ಕನ್ನಡಿ ಸರಿಮಾಡಿದೆ.

ಡಾಂಬರು ಇರುವವರೆಗೆ ಸರಿಯಿತ್ತು. ಸದ್ದು ಮಾತ್ರ ಹತ್ತು ಲಾರಿಗಾಗುವಷ್ಟು. ಡಾಂಬರು ಮುಗಿದು ಕಲ್ಲಿನ ಇಳಿಜಾರು ಶುರುವಾದ ಕೂಡಲೇ ಅತ್ತೆ ಎದುರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದರು. ಎಡಕ್ಕೆ ಕಣಿವೆ, ಬಲಕ್ಕೆ ಉರುಳಲು ಸಿದ್ಧವಾಗಿ ಕೂತ ಬಂಡೆಗಳು, ನಡುವೆ ನೀರು ಕೊರೆದ ಎರಡು ಕಾಲುವೆ, ಅದೇ ದಾರಿ.

"ಇದೇನು?" ಅಂದರು.

"ದಾರಿ ಅತ್ತೆ. ನೀವು ಹೋಗ್ತಿದ್ದ ದಾರಿ."

"ಇದಾ? ನಾನು ಹೋಗ್ತಿದ್ದದ್ದು ಇದಲ್ಲ." ಆಮೇಲೆ ಹಿಂದೆ ತಿರುಗಿ, ದಾಟಿ ಬಂದ ಮುರಿದ ಕಂಬವನ್ನೂ ಒಂಟಿ ಬೇವಿನ ಮರವನ್ನೂ ನೋಡಿ ಗುರುತು ಹಿಡಿದರು. ಮತ್ತೆ ಮುಂದೆ ನೋಡಿದರು. "ಅಯ್ಯೋ. ಇದೇ."

ಮೂವತ್ತೊಂದು ವರ್ಷ ತಿಂಗಳು ತಿಂಗಳೂ ಹತ್ತಿ ಇಳಿದ ದಾರಿಯನ್ನು ಅವರು ಮೊದಲ ಬಾರಿಗೆ ಎದುರಿನಿಂದ ನೋಡುತ್ತಿದ್ದರು. ವಾಪಸು ಬರುವಾಗ ಡಬ್ಬಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರಂತೆ. ಮುಖ ಸುಣ್ಣದಂತಾಗಿತ್ತು. ನಿಲ್ಲಿಸು, ನಡೆದು ಹೋಗೋಣ, ಇಂಥಲ್ಲಿ ಬುದ್ಧಿಯಿರುವವರು ಗಾಡಿ ಓಡಿಸುತ್ತಾರೆಯೇ, ಆ ಡ್ರೈವರುಗಳಿಗೆ ಹೆಂಡತಿ ಮಕ್ಕಳಿರಲಿಲ್ಲವೇ ಎಂದು ಹಳ್ಳದವರೆಗೂ ಒಂದೇ ಸಮ. ಹಿಂದೆ ಹೊಸ ಸಿಸ್ಟರ್ ಡಬ್ಬಿ ತಬ್ಬಿಕೊಂಡು ನಿಶ್ಚಿಂತೆಯಿಂದ ಏನೋ ಗುನುಗುತ್ತಿದ್ದಳು. ನನಗೋ, ಹೇಳಿದರೆ ನಗಬೇಡಿ, ಕತ್ತಿನ ಹಿಂದಿನ ಕೂದಲೆಲ್ಲ ಖುಷಿಗೆ ಎದ್ದು ನಿಂತಿತ್ತು. ಸ್ಟೇರಿಂಗಿಗೆ ಅರ್ಧ ಸುತ್ತು ಮೊದಲೇ ಹೇಳಿಡಬೇಕು, ಅಷ್ಟೇ. ಹನ್ನೊಂದು ತಿಂಗಳಿಂದ ನನ್ನ ಮಾತಿಗೆ ಅಷ್ಟು ಬೇಗ ಒಪ್ಪಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಆಚೆ ದಡದ ಏರು ಹತ್ತಲು ನಾಲ್ಕೂ ಚಕ್ರ ತಿರುಗಬೇಕಿತ್ತು. ತಿರುಗಿಸುವ ಕಡ್ಡಿ ನಮ್ಮ ಕಪಾಟಿನಲ್ಲಿತ್ತು. ಜೀಪು ಗುಂಡುಕಲ್ಲಿನ ಮೇಲೆ ಹಿಂದಿನ ಚಕ್ರ ಸುತ್ತಿಸುತ್ತ, ನೀರು ಎರಚುತ್ತ, ಇಡೀ ಗುಡ್ಡಕ್ಕೆ ಕೇಳುವ ಹಾಗೆ ಅರಚಿತು. ಮೂರು ಸಲ ಪ್ರಯತ್ನಿಸಿ ಎಂಜಿನ್ ಆರಿಸಿದೆ. ಗಂಟೆ ಹನ್ನೊಂದು. ಸಂಜೆಯೊಳಗೆ ಡಬ್ಬಿ ವಾಪಸು ಹೋಗಬೇಕು. ಮೇಲಿನ ಮನೆಗಳಿಗೆ ನಡೆದರೆ ಒಂದೂವರೆ ಗಂಟೆ.

ಹೊಸ ಸಿಸ್ಟರ್ ಚಪ್ಪಲಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಮೇಲಿನ ಕಾಲುದಾರಿಯಲ್ಲಿ ಬಣ್ಣ ಬಣ್ಣ ಕಾಣಿಸಿತು. ಒಬ್ಬಳು, ಅವಳ ಹಿಂದೆ ಇಬ್ಬರು, ಆಮೇಲೆ ಸಾಲು. ಕಂಕುಳಲ್ಲಿ, ಬೆನ್ನಿನಲ್ಲಿ, ಅಜ್ಜಿಯ ಹೆಗಲಿನಲ್ಲಿ ಕೂಸುಗಳು. ಮುಂದಿದ್ದವಳು ಹಳ್ಳದ ದಡಕ್ಕೆ ಬಂದು ಏದುಸಿರು ಬಿಡುತ್ತ ನಿಂತಳು. ಫೋನ್ ಮಾಡಿದರೆ ಬಾರದವರು ಈಗ ಹೇಗೆ ಬಂದಿರಿ ಎಂದು ನಾನು ಕೇಳಿದೆ.

"ಸದ್ದು ಕೇಳ್ತು. ಅಮ್ಮೋರು ರಿಟೈರ್ ಆದ್ರು, ಇನ್ನು ಬರೋಲ್ಲ ಅಂತ ನೆಮ್ಮದಿಯಾಗಿದ್ವಿ" ಅಂದಳು. "ಇವರು ಮೇಲೆ ಬಂದ್ರೆ ಸೂಜಿ ಒಂದಕ್ಕೇ ಬಿಡ್ತಾರಾ? ಅಡುಗೆ ಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೀತಾರೆ, ಹಾಸಿಗೆ ಎತ್ತಿ ನೋಡ್ತಾರೆ, ಅತ್ತೆ ಸೊಸೆ ಇಬ್ಬರಿಗೂ ಒಟ್ಟಿಗೆ ಬೈತಾರೆ. ಅದಕ್ಕೆ ನಾವೇ ಇಳಿದು ಬಂದ್ವಿ."

ಅತ್ತೆಯ ಮುಖಕ್ಕೆ ರಕ್ತ ವಾಪಸು ಬಂತು. ಅವಳ ಮಗುವಿನ ಕಿವಿಯ ಹಿಂದೆ ಬೆರಳಿಟ್ಟು ನೋಡಿ, "ಸ್ನಾನ ಮಾಡಿಸಿ ಎಷ್ಟು ದಿನ ಆಯ್ತು?" ಎಂದು ಶುರು ಮಾಡಿದರು.

ಜೀಪಿನ ಹಿಂದಿನ ಬೆಂಚು ಆವತ್ತು ಆಸ್ಪತ್ರೆಯಾಯಿತು. ಸೂಜಿ ಹೊಸ ಸಿಸ್ಟರ್‌ದು, ಅತ್ತೆ ಕಾಲು ಹಿಡಿಯುವವರು. ಅವರು ಕಾಲು ಹಿಡಿದರೆ ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತದೆ. ಒಂಬತ್ತು ಹಾಕಿ ಮುಗಿದ ಮೇಲೆ ಇನ್ನೆರಡು ಬಂದವು, ರಿಜಿಸ್ಟರಿನಲ್ಲಿ ಇಲ್ಲದವು. ಹತ್ತಿಸಲಾಗದ ಜೀಪನ್ನು ತಾಯಂದಿರೇ ಹಿಂದಕ್ಕೆ ತಳ್ಳಿ ಈಚೆ ದಡಕ್ಕೆ ತಂದುಕೊಟ್ಟರು. ಅಷ್ಟು ಹುರುಪಿನಿಂದ ತಳ್ಳಿದ್ದು ನಮ್ಮ ಮೇಲಿನ ಪ್ರೀತಿಗಂತೂ ಅಲ್ಲ.

ವಾಪಸು ಬರುವಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಡಾಂಬರು ಬಂದ ಮೇಲೆ ತೆರೆದು, "ಮಾರಿಬಿಡು" ಅಂದರು.

ಬ್ರೇಕ್ ಒತ್ತಿದೆ. "ಯಾಕೆ ಅತ್ತೆ?"

"ನೋಡಿದೆನಲ್ಲ. ಇಂಥ ದಾರಿ ಅಂತ ಗೊತ್ತಿದ್ದಿದ್ರೆ ಮೊದಲನೇ ತಿಂಗಳೇ ಕೆಲಸ ಬಿಡ್ತಿದ್ದೆ. ಯಾರದೋ ಮಕ್ಕಳಿಗೆ ಸೂಜಿ ಹಾಕಿಸೋದಕ್ಕೆ ನನ್ನ ಮೊಮ್ಮಗಳ ತಾಯೀನ ಈ ಕಣಿವೆ ಪಕ್ಕದಲ್ಲಿ ಓಡಿಸಲಾ?"

ನನಗೆ ಬೇಕಾಗಿದ್ದ ಉತ್ತರವೇ ಅದು. ಹೋಟೆಲಿನವರು ಮರುದಿನ ಬೆಳಿಗ್ಗೆ ಬರುವುದಾಗಿ ಹೇಳಿಯೂ ಇದ್ದರು. ಆ ಸಂಜೆ ಮಗುವಿನ ಬಟ್ಟೆ ಮಡಿಸುತ್ತ ಸಂತೋಷಪಡಲು ಬಹಳ ಪ್ರಯತ್ನಿಸಿದೆ. ಆಗಲಿಲ್ಲ. ಮುಂದಿನ ತಿಂಗಳು ಸದ್ದು ಕೇಳಿಸದಿದ್ದರೆ ಆ ಹನ್ನೊಂದು ಮನೆಯವರು ಮತ್ತೆ ನೆಮ್ಮದಿಯಾಗಿರುತ್ತಾರೆ ಅನ್ನುವುದೊಂದು. ಇನ್ನೊಂದು, ಕಾಲು ಹಿಡಿದು ನಿಂತಾಗ ಅತ್ತೆ ನಿವೃತ್ತರ ಹಾಗೆ ಕಾಣಿಸಲಿಲ್ಲ.

ಬೆಳಿಗ್ಗೆ ಹೋಟೆಲಿನವರು ಅಳತೆಯ ಟೇಪು ಹಿಡಿದೇ ಬಂದರು. ಎಂಜಿನ್ ತೆಗೆದರೆ ಎಷ್ಟು ಕುಂಡ ಹಿಡಿಯುತ್ತದೆ ಎಂದು ಅಳೆಯತೊಡಗಿದರು. ನಾನು ಹೋಗಿ, ಕೊಡುವುದಿಲ್ಲ ಅಂದೆ. ಅವರು ಅತ್ತೆಯ ಕಡೆ ನೋಡಿದರು. ಅತ್ತೆ ನನ್ನ ಕಡೆ ನೋಡಿದರು. ಕಾಗದ ನನ್ನ ಹೆಸರಿನಲ್ಲಿದೆ ಎಂದು ಇಬ್ಬರಿಗೂ ನೆನಪಿಸಿದೆ. ಓಡದ ಜೀಪು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಅವರು ಮರುಗಿದರು. ಅದು ಓಡುತ್ತದೆ, ನಿಮ್ಮ ಗಿಡಗಳೇ ಓಡದಿರುವುದು ಅಂದುಬಿಟ್ಟೆ.

ಆಮೇಲೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಬಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಎಳೆದೆ. ಸ್ಟೇರಿಂಗ್, ಬ್ರೇಕು ರಿಪೇರಿ ಮಾಡಿಸುವುದು. ನಾಲ್ಕು ಚಕ್ರದ ಗೇರು ಮಾಡಿಸುವುದಿಲ್ಲ. ಅದನ್ನು ಮಾಡಿಸಿದರೆ ಹಳ್ಳ ದಾಟುವ ಆಸೆ ಬರುತ್ತದೆ, ಕಣಿವೆಯ ಇನ್ನೂ ಕೆಟ್ಟ ಭಾಗವೆಲ್ಲ ಆಮೇಲಿನದೇ. ನಾವು ಹಳ್ಳದವರೆಗೆ ಮಾತ್ರ. ಅಲ್ಲಿ ನಿಂತು ಎಂಜಿನ್ ಕೂಗಿಸುವುದು. ದಾರಿಯಿಲ್ಲದ ಕಡೆ ಹೋಗಲೆಂದೇ ಹುಟ್ಟಿದ ಗಾಡಿಯನ್ನು, ಹೋಗುವುದೇ ಇಲ್ಲ ಎಂಬ ಷರತ್ತಿನ ಮೇಲೆ ಇಟ್ಟುಕೊಂಡವರು ನಾವೇ ಮೊದಲಿರಬೇಕು. ಆಯ್ತುಬಿಡಿ ಮೇಸ್ತ್ರಿ ಎಲ್ಲ ಕೇಳಿ, ಸೈಲೆನ್ಸರ್ ಏನು ಮಾಡಲಿ ಅಂದರು. ಅದಕ್ಕೆ ಕೈ ಹಚ್ಚಬೇಡಿ ಎಂದು ಅತ್ತೆ, ನಾನು ಒಟ್ಟಿಗೇ ಹೇಳಿದೆವು.

ಉಳಿದದ್ದು ನನ್ನ ಮಾತು. ಅದನ್ನು ಹೇಗೆ ಎತ್ತುವುದೋ ತಿಳಿಯದೆ, ಮಧ್ಯಾಹ್ನ ಮಗು ಮಲಗಿದ ಮೇಲೆ ಹೋಗಿ ಸುಮ್ಮನೆ ಕೇಳಿಬಿಟ್ಟೆ.

"ಅತ್ತೆ, ಒಂದನೇ ತಾರೀಖಿನಿಂದ ನಾನು ಕೆಲಸಕ್ಕೆ ಹೋಗಬೇಕು. ನಾಲ್ಕನೇ ಬುಧವಾರ ರಜ ಕೇಳ್ತೀನಿ, ಅವತ್ತು ಪುಟ್ಟಿ ಅವರಪ್ಪನ ಹತ್ತಿರ. ಮಿಕ್ಕ ದಿನ ನೀವು ನೋಡಿಕೊಳ್ತೀರಾ?"

ಅವರು ಮಲಗಿದ್ದ ಮಗುವಿನ ಹೊದಿಕೆ ಸರಿಮಾಡಿದರು. ಆಮೇಲೆ, "ಯಾರೂ ಕೇಳಲೇ ಇಲ್ಲವಲ್ಲ. ನನ್ನ ಕೈಗೆ ಕೊಡೋದಕ್ಕೆ ಇಷ್ಟ ಇಲ್ಲವೇನೋ ಅಂತ ಇದ್ದೆ" ಅಂದರು. "ಮನೇಲಿ ನನಗೇನು ಕೆಲಸ ಅಂತ ಜೀಪು ತಂದೆ."

ಎದ್ದು ಹೋಗಿ ಕಪಾಟಿನ ಕೆಳಗಿನ ಅರೆಯಿಂದ ಉದ್ದನೆಯ ರಿಜಿಸ್ಟರೊಂದನ್ನು ತಂದು ನನ್ನ ಮುಂದಿಟ್ಟರು. ಕೆಂಪು ಶಾಯಿಯಲ್ಲಿ ಗೆರೆ ಹೊಡೆದಿತ್ತು: ಸ್ನಾನ, ನಿದ್ದೆ, ಊಟ, ತೂಕ, ಹಲ್ಲು, ಮೊದಲ ಹೆಜ್ಜೆ, ಷರಾ. ಮೇಲ್ಗಡೆ ದುಂಡಗಿನ ಅಕ್ಷರದಲ್ಲಿ ಪುಟ್ಟಿಯ ಹೆಸರು, ತಾರೀಖು. ತಾರೀಖು ಅವರು ನಿವೃತ್ತರಾದ ಮರುದಿನದ್ದು. ಕೆಳಗಿನ ಕಾಲಂಗಳೆಲ್ಲ ಅಂದಿನಿಂದ ಖಾಲಿಯಿದ್ದವು.

ಪೆನ್ನು ತೆಗೆದುಕೊಂಡು ಹಲ್ಲಿನ ಕಾಲಂನಲ್ಲಿ ಮೂರು ಎಂದು ಬರೆದೆ. ಅತ್ತೆ ಬಗ್ಗಿ ನೋಡಿ, ಅಂಕಿ ಗೆರೆಯ ಮೇಲೆ ಕೂತಿಲ್ಲ ಎಂದು ಹೊಡೆದುಹಾಕಿ, ತಾವೇ ಇನ್ನೊಮ್ಮೆ ಬರೆದರು.